ಫೀನಿಕ್ಸ್ ಬಿಸಿಲಲ್ಲಿ ಸಾಫ್ಟ್‌ಬಾಲ್ ಮೈದಾನದ ಧೂಳು ಅಡಗಿಸುವುದು: ನನ್ನ ಅನುಭವ

ಮಗಳು ಆಡುವ ಲೀಗ್‌ನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಅಪ್ಪ ಅಮ್ಮಂದಿರದೇ. ನನ್ನ ಪಾಲಿಗೆ ಬಂದದ್ದು ಇನ್‌ಫೀಲ್ಡ್, ಅಂದರೆ ಓಡುವವರು ಮುಟ್ಟುವ ಬೇಸ್‌ಗಳಿರುವ ಒಳ ಮೈದಾನ. ಬೇಸ್‌ಬಾಲ್‌ನಲ್ಲಾದರೆ ಸಾಮಾನ್ಯವಾಗಿ ನಾಲ್ಕು ಬೇಸ್‌ಗಳ ನಡುವೆ ಹುಲ್ಲಿರುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಅದೂ ಇಲ್ಲ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಔಟ್‌ಫೀಲ್ಡ್ ಅಂಚಿನವರೆಗೂ ಬರೀ ಮಣ್ಣು. ಅಮೆರಿಕದ ಅರಿಜೋನಾ ರಾಜ್ಯದ ಈ ಫೀನಿಕ್ಸ್ ಕಡೆ ಮೇ, ಜೂನ್‌ನಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಗಾಳಿಯ ತೇವಾಂಶ ಎಷ್ಟೋ ದಿನ ಶೇಕಡ 10ಕ್ಕಿಂತ ಕೆಳಗೆ. ಒಬ್ಬ ಹುಡುಗಿ ಸೆಕೆಂಡ್ ಬೇಸ್‌ಗೆ ಜಾರಿಕೊಂಡು ಬಂದರೆ ಸಾಕು, ಔಟೋ ಸೇಫೋ ಅಂತ ಅಂಪೈರ್‌ಗೇ ಕಾಣುವುದಿಲ್ಲ.

ಅರಿಜೋನಾದಲ್ಲಿ ಧೂಳಿಗೆ ಇನ್ನೊಂದು ಭಯವೂ ಇದೆ. ಅಮೆರಿಕದಲ್ಲಿ ವ್ಯಾಲಿ ಫೀವರ್ ಅತಿ ಹೆಚ್ಚು ಕಾಣಿಸುವುದು ಇಲ್ಲಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ. ಮಣ್ಣಿನಲ್ಲಿರುವ ಒಂದು ಬೂಷ್ಟಿನ ಕಣ ಧೂಳಿನ ಜೊತೆ ಎದೆಗೆ ಇಳಿದರೆ ಬರುವ ಕಾಯಿಲೆ ಅದು. ಹಾಗಾಗಿ ಒಣ ಮಣ್ಣಿನ ಹತ್ತಿರ ಪೊರಕೆ ಹಿಡಿದರೆ ಎನ್95 ಮಾಸ್ಕ್ ಹಾಕುತ್ತೇನೆ.

ನೀರಿನ ಪೈಪು ಹಿಡಿಯುವ ಮೊದಲು ಮಣ್ಣು ಯಾವುದು ಅಂತ ನೋಡಬೇಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಚೆನ್ನಾಗಿ ಕುಲುಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಿಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು. ಅದರ ಮೇಲೆ ಹೂಳು ಕೂರುವುದಕ್ಕೆ ಕೆಲವು ಗಂಟೆ. ಜೇಡಿ ಮಾತ್ರ ಮಾರನೇ ದಿನವೂ ನೀರನ್ನು ಕಲಕಾಗಿಯೇ ಇಟ್ಟಿತ್ತು. ಎಲ್ಲಾ ಕೂತ ಮೇಲೆ ನೋಡಿದರೆ ಹೂಳಿನ ಪದರ ದಪ್ಪ, ಜೇಡಿಯದು ತೆಳ್ಳಗೆ. ನಮ್ಮ ಮೈದಾನದ ಕಾಯಿಲೆ ಅಲ್ಲೇ ಇತ್ತು. ಜೇಡಿ ಅಂಟು ಇದ್ದ ಹಾಗೆ, ಮರಳನ್ನು ಹಿಡಿದಿಡುತ್ತದೆ. ಹೂಳು ಏನನ್ನೂ ಹಿಡಿಯುವುದಿಲ್ಲ, ಒಣಗಿದರೆ ಹಾರುತ್ತದೆ, ಅಷ್ಟೇ. ಒಳ್ಳೆಯ ಇನ್‌ಫೀಲ್ಡ್‌ನಲ್ಲಿ ಜೇಡಿಯ ಪ್ರಮಾಣಕ್ಕೆ ಹೋಲಿಸಿದರೆ ಹೂಳು ಅರ್ಧದಿಂದ ಸಮದವರೆಗೆ ಇರಬೇಕು, ಅದನ್ನು ಮೀರಬಾರದು. ಬಾಟಲಿ ಹೇಳುವುದು ಅಂದಾಜು, ಸರಿಯಾದ ಲೆಕ್ಕಕ್ಕೆ ಲ್ಯಾಬಿಗೆ ಕಳಿಸಬೇಕು. ನಾವು ಕಳಿಸಿ, ಆಟ ಇಲ್ಲದ ಚಳಿಗಾಲದಲ್ಲಿ ಜೇಡಿ ಜಾಸ್ತಿ ಇರುವ ಮಣ್ಣು ತರಿಸಿ ಮೇಲಿನ ಪದರಕ್ಕೆ ಬೆರೆಸಿದೆವು. ಬೇರೇನು ಮಾಡಿದರೂ ಇಷ್ಟು ಗುಣ ಸಿಕ್ಕಿರಲಿಲ್ಲ.

ಈಗ ನೀರು. ಆಟಕ್ಕೆ ಅರ್ಧ ಗಂಟೆ ಮುಂಚೆ ಬಂದು ಮೇಲೆ ಮೇಲೆ ಚಿಮುಕಿಸುವುದು ಇಲ್ಲಿ ಎಲ್ಲಾ ಮೈದಾನದಲ್ಲೂ ನಡೆಯುತ್ತದೆ. ಈ ಗಾಳಿಗೆ ಅದು ಎರಡು ಇನಿಂಗ್ಸ್ ತಡೆಯುವುದಿಲ್ಲ. ನೆಲ ತಣ್ಣಗಿರಬೇಕು ಅಂದರೆ ಹಸಿ ಒಳಗಿಂದ ಬರಬೇಕು. ಅದಕ್ಕೆ ಹಿಂದಿನ ರಾತ್ರಿಯೇ ನೀರು. ಒಬ್ಬರು ನಾಜಲ್ ಹಿಡಿಯಬೇಕು, ಇನ್ನೊಬ್ಬರು ಪೈಪು ಎಳೆಯಬೇಕು, ಇಲ್ಲದಿದ್ದರೆ ಪೈಪು ಹಸಿ ಮಣ್ಣಿನ ಮೇಲೆ ಉಜ್ಜಿ ಗೆರೆ ಎಬ್ಬಿಸುತ್ತದೆ. ನಾಜಲ್ ಮಳೆಯಂತೆ ಸುರಿಯುವ ತರಹದ್ದು. ಮಣ್ಣು ಮಿನುಗತೊಡಗಿದ ಕೂಡಲೇ ಮುಂದಕ್ಕೆ ಹೋಗುತ್ತೇನೆ, ನೀರು ನಿಲ್ಲಲು ಬಿಡುವುದಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಶುರು ಮಾಡಿದ ಕಡೆ ಮಿನುಗು ಇಂಗಿರುತ್ತದೆ. ಮತ್ತೆ ಸುತ್ತು. ಕೊನೆಗೆ ಕಾರಿನ ಕೀ ಚುಚ್ಚಿ ನೋಡುವುದು. ಸಲೀಸಾಗಿ ಇಳಿದು, ಮಣ್ಣು ಅಂಟದೆ ಹೊರಗೆ ಬಂದರೆ ಹದವಾಗಿದೆ. ಇಳಿಯದಿದ್ದರೆ ಒಳಗೆ ಇನ್ನೂ ಒಣ. ಕೆಸರು ಮೆತ್ತಿಕೊಂಡರೆ ಜಾಸ್ತಿಯಾಗಿದೆ. ಒಂದು ಎಚ್ಚರಿಕೆ: ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ಮೊದಲು ಬರುವ ನೀರು ಕೈ ಸುಡುತ್ತದೆ. ಸಂಜೆ ಮಕ್ಕಳು "ಅಂಕಲ್, ನಾನು ಹಿಡೀತೀನಿ" ಅಂತ ಓಡಿ ಬಂದಾಗ ಆ ನೀರು ಹರಿದು ಹೋಗುವವರೆಗೂ ಕೊಡುವುದಿಲ್ಲ.

ಪಿಚಿಂಗ್ ಸರ್ಕಲ್ (ಚೆಂಡು ಎಸೆಯುವ ಪಿಚ್ಚರ್ ನಿಲ್ಲುವ ವೃತ್ತ), ಹೋಮ್ ಪ್ಲೇಟ್ ಎರಡಕ್ಕೂ ನೀರಾದ ಮೇಲೆ ಟಾರ್ಪಾಲು ಮುಚ್ಚಿ ಅಂಚಿಗೆ ಮರಳಿನ ಚೀಲ ಇಡುತ್ತೇನೆ. ಹೆಚ್ಚು ಗುಳಿ ಬೀಳುವುದೇ ಅಲ್ಲಿ, ಪಿಚ್ಚರ್ ಕಾಲೆಳೆಯುವ ಜಾಗ, ಬ್ಯಾಟರ್ ಹಿಂಗಾಲು ಊರುವ ಜಾಗ. ಗುಳಿಗೆ ಪಕ್ಕದ ಪುಡಿ ಮಣ್ಣನ್ನು ಕಾಲಲ್ಲಿ ತಳ್ಳಿ ಮುಚ್ಚಿದರೆ ಒಂದು ಓವರ್ ಕೂಡ (ಕ್ರಿಕೆಟ್ ಭಾಷೆ ಬಾಯಲ್ಲಿ ಉಳಿದುಬಿಟ್ಟಿದೆ) ನಿಲ್ಲುವುದಿಲ್ಲ. ಪುಡಿಯನ್ನು ಪೂರ್ತಿ ಗುಡಿಸಿ ತೆಗೆದು, ಗುಳಿಯ ತಳ ಒದ್ದೆ ಮಾಡಿ, ಹಸಿ ಜೇಡಿ ತುಂಬಿ, ದಮ್ಮಸು ಹಾಕಬೇಕು.

ಇನ್ನು ಡ್ರ್ಯಾಗ್. ಗಾಡಿಯ ಹಿಂದೆ ಉಕ್ಕಿನ ಜಾಲರಿ ಕಟ್ಟಿಕೊಂಡು ಎಳೆಯುವುದು. ಇದರಲ್ಲಿ ನನ್ನ ಹಟ ಒಂದೇ: ಒಣ ನೆಲದ ಮೇಲೆ ಎಳೆಯಬಾರದು. ಆಗ ಏಳುವ ಮೋಡ ಇದೆಯಲ್ಲ, ಅದರಲ್ಲಿ ಹೂಳಿನ ಜೊತೆ ಜೇಡಿಯೂ ಹೋಗುತ್ತದೆ. ನಾವು ದುಡ್ಡು ಕೊಟ್ಟು ಹಾಕಿಸಿದ ಜೇಡಿ ಪಕ್ಕದ ಪಾರ್ಕಿಂಗ್‌ನಲ್ಲಿ ಕಾರುಗಳ ಮೇಲೆ ಕೂರುತ್ತದೆ, ಮೈದಾನದಲ್ಲಿ ಮರಳು ಉಳಿಯುತ್ತದೆ. ಹಾಸನದಿಂದ ಬಂದಿದ್ದ ಅಮ್ಮ ಪಕ್ಕದ ಮೈದಾನದವರು ಒಣ ಮಣ್ಣಿನ ಮೇಲೆ ಗಾಡಿ ಓಡಿಸುವುದನ್ನು ನೋಡಿ, "ನೀರು ಚಿಮುಕಿಸದೆ ಅಂಗಳ ಗುಡಿಸ್ತಾರೇನೋ ಯಾರಾದ್ರೂ?" ಅಂದರು. ನಿಧಾನ ಓಡಿಸಬೇಕು, ನಡಿಗೆಗಿಂತ ಸ್ವಲ್ಪ ಜೋರು ಸಾಕು. ಹುಲ್ಲಿನ ಅಂಚಿನಿಂದ ಒಂದಡಿ ಒಳಗೇ ಇರಬೇಕು, ಇಲ್ಲದಿದ್ದರೆ ಮಣ್ಣು ಹುಲ್ಲಿಗೆ ಸೇರಿ ದಿಬ್ಬ ಕಟ್ಟುತ್ತದೆ. ಆ ಅಂಚಿಗೆ ಕೈಯಲ್ಲೇ ಕುಂಟೆ ಎಳೆಯುತ್ತೇನೆ.

ಮೇಲೆ ಟರ್ಫೇಸ್ ತರಹದ ಸುಟ್ಟ ಜೇಡಿಯ ಹರಳು ಕಾಲಿಂಚು ದಪ್ಪ ಹರಡುತ್ತೇವೆ. ಅದು ನೀರು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಕೆಳಗಿನ ಹಸಿಗೆ ಮುಚ್ಚಳವೂ ಆಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಅಂತ ಸಲಹೆ ಕೊಡುವವರು ತುಂಬಾ ಜನ. ಅದು ಗಾಳಿಯಿಂದ ತೇವ ಎಳೆದುಕೊಳ್ಳುವ ಉಪ್ಪು. ಸಮುದ್ರದ ಕಡೆಯ ಊರುಗಳಲ್ಲಿ ಕೆಲಸ ಮಾಡುತ್ತದೆ. ಜೂನ್ ಮಧ್ಯಾಹ್ನ ನಮ್ಮ ಗಾಳಿಯಲ್ಲಿ ಎಳೆದುಕೊಳ್ಳುವುದಕ್ಕೆ ಏನಿದೆ? ಮೇಲಾಗಿ ಹುಲ್ಲು ಸುಡುತ್ತದೆ, ಜಾರಿ ತರಚಿದ ಮಂಡಿಗೆ ಉರಿ. ನಾನು ತರಿಸಿಲ್ಲ.

ಜುಲೈನಲ್ಲಿ ಆಟ ಇರುವುದಿಲ್ಲ. 2023ರಲ್ಲಿ ಸತತ 31 ದಿನ ಇಲ್ಲಿ 110 ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿಗಿಂತ ಕೆಳಗೆ ಗರಿಷ್ಠ ತಾಪಮಾನ ಇಳಿಯಲೇ ಇಲ್ಲ. ಅಂಥ ದಿನಗಳಲ್ಲೂ ವಾರಕ್ಕೊಮ್ಮೆ ರಾತ್ರಿ ಹೋಗಿ ನೀರು ಹಾಕಲೇಬೇಕು. ಒಮ್ಮೆ ಆಳದವರೆಗೆ ಒಣಗಿ ಕಲ್ಲಾದರೆ, ಸೆಪ್ಟೆಂಬರ್‌ನಲ್ಲಿ ಹಾಕಿದ ನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ. ಆಮೇಲೆ ಮೊಳೆ ಹೊಡೆದ ಹಲಗೆ ಎಳೆದು ಮೇಲ್ಪದರ ಸಡಿಲಿಸಿ, ಮತ್ತೆ ಮೊದಲಿಂದ ಶುರು ಮಾಡಬೇಕು.