ನೀರಲ್ಲಿ ನಿಂತ ಹಕ್ಕಿಯ ಫೋಟೊ: ಫ್ರೇಮಿಂಗ್, ಎಡಿಟಿಂಗ್

ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿಗಳ ಫೋಟೊ ಹೆಚ್ಚಾಗಿ ಕೆಡುವುದು ಕಾಲಿನ ಬಳಿ. ಬಿಗಿಯಾಗಿ ಕ್ರಾಪ್ ಮಾಡಿದರೆ ಪಾದವೋ ಪ್ರತಿಬಿಂಬದ ಕೊಕ್ಕೋ ತುಂಡಾಗುತ್ತದೆ. ಪ್ರತಿಬಿಂಬ ಸ್ಪಷ್ಟವಿದ್ದರೆ ಪೂರ್ತಿ ಉಳಿಸಿ, ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ. ನೀರು ಕಲಕಿದ್ದರೆ ಕಾಲು ಮುಳುಗುವ ಜಾಗದಿಂದ ತುಸು ಕೆಳಗೆ ಕತ್ತರಿಸಿ. ಹಕ್ಕಿ ನೋಡುವ ದಿಕ್ಕಿಗೆ ಹೆಚ್ಚು ಜಾಗ ಬಿಡಿ.

ಬಿಳಿ ಗರಿಯ ವಿವರ ಒಮ್ಮೆ ಅತಿ ಬೆಳಕಿಗೆ ಸುಟ್ಟುಹೋದರೆ (ಬರೀ ಬಿಳಿಯಾದರೆ) ಎಡಿಟಿಂಗ್‌ನಲ್ಲಿ ಮರಳದು. ಹಿನ್ನೆಲೆ ಕಪ್ಪಾಗಿದ್ದಾಗ ಕ್ಯಾಮೆರಾ ಬೆಳಕನ್ನು ಅತಿಯಾಗಿ ಏರಿಸುತ್ತದೆ. ಆಗ ಎಕ್ಸ್‌ಪೋಶರ್ 2/3ರಿಂದ 1 ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ರಾ ಫೈಲ್‌ನಲ್ಲೇ (ಸೆನ್ಸರ್‌ನ ಮೂಲ ಮಾಹಿತಿ ಉಳಿಸುವ ಫೈಲ್) ತೆಗೆಯಿರಿ.

ಎಡಿಟಿಂಗ್‌ನಲ್ಲಿ ಮೊದಲ ಕೆಲಸ ಓರೆ ಸರಿಪಡಿಸುವುದು. ದಡದ ಗೆರೆ ನಂಬಬೇಡಿ, ಅದು ನಿಜಕ್ಕೂ ಓರೆಯಾಗಿರಬಹುದು. ಹಕ್ಕಿಯ ಕಣ್ಣು, ನೀರಲ್ಲಿನ ಅದರ ಬಿಂಬ ಎರಡೂ ಒಂದೇ ಲಂಬರೇಖೆಗೆ ಬರಲಿ. ಶಾರ್ಪನಿಂಗ್ (ಅಂಚುಗಳನ್ನು ಚುರುಕುಗೊಳಿಸುವುದು) ಮಾಸ್ಕ್ ಹಾಕಿ, ಅಂದರೆ ಉಳಿದ ಭಾಗ ಮರೆಮಾಡಿ, ಹಕ್ಕಿಗೆ ಮಾತ್ರ ಕೊಡಿ. ನೀರಿಗೂ ತಗುಲಿದರೆ ನಾಯ್ಸ್ (ಕಾಳುಕಾಳಾದ ಚುಕ್ಕೆ) ಎದ್ದು ಕಾಣುತ್ತದೆ.