ದೇವಿಮನೆ ಘಟ್ಟದಲ್ಲಿ ಹಾರಿದ ಚೈನು

ಮೂರು ದಿನದ ರೇಸ್. ನಾವು ಐದು ಜನ, ಎಲ್ಲರೂ ಕೆಲಸದ ಮಧ್ಯೆ ಸೈಕಲ್ ತುಳಿಯುವವರೇ. ಕಾರವಾರದಿಂದ ಕುಮಟಾ ಸಲೀಸಾಗಿ ಮುಗಿಯಿತು. ಎರಡನೇ ದಿನ ದೇವಿಮನೆ ಘಟ್ಟ ಹತ್ತುವಾಗ ನನ್ನ ಚೈನು ಕಟ್ ಕಟ್ ಅಂತ ಹಾರತೊಡಗಿತು.

ಸಂಜೆ ಶಿರಸಿಯಲ್ಲಿ ಗೇರ್ ಕೇಬಲ್ ಬದಲಿಸಿದೆ, ಅದರ ಬಿಗಿತ ಹೊಂದಿಸುವ ಅಡ್ಜಸ್ಟರ್ ತಿರುಗಿಸಿದೆ. ಒಂದು ಗೇರ್ ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ಸುಮ್ನೆ ಒಂದು ಗಂಟೆ ಹಾಳು. ಕೊನೆಗೆ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರ್ ಇದೆಯಲ್ಲ, ಅದು ನೇತಾಡುವ ಹ್ಯಾಂಗರೇ ಒಳಕ್ಕೆ ಬಾಗಿದೆ! ಟೆಂಪೋದಲ್ಲಿ ಸೈಕಲ್ಲನ್ನು ಬಲಮಗ್ಗುಲಿಗೆ ಮಲಗಿಸಿದ್ದು ನಾನೇ. ಯಾರನ್ನು ಬೈಯುವುದು?

ನೆಟ್ಟಗೆ ಮಾಡುವ ಸಾಧನ ಇರಲಿಲ್ಲ. ಡಿರೈಲರ್ ಬಿಚ್ಚಿ, ಆ ತೂತಿಗೆ ಗೆಳೆಯನ ಕ್ವಿಕ್ ರಿಲೀಸ್ (ಸನ್ನೆ ಎತ್ತಿ ಬಿಚ್ಚುವ) ಹಿಂಚಕ್ರದ ಆಕ್ಸಲ್ ತಿರುಗಿಸಿ ಕೂರಿಸಿದೆ. ಎರಡರದ್ದೂ ಒಂದೇ ಥ್ರೆಡ್: 10 ಮಿ.ಮೀ., ಪಿಚ್ 1 ಮಿ.ಮೀ. ಈಗ ಎರಡು ಚಕ್ರ ಅಕ್ಕಪಕ್ಕ. ಮೇಲೆ, ಕೆಳಗೆ, ಮುಂದೆ, ಹಿಂದೆ ರಿಮ್‌ಗಳ ನಡುವಿನ ಅಂತರ ಒಂದೇ ಆಗುವ ತನಕ ಆ ಚಕ್ರವನ್ನೇ ಹಿಡಿದು ಮೆಲ್ಲಗೆ ಎಳೆದೆ. ಜಾಸ್ತಿ ಜೋರು ಬೇಡ. ಅಲ್ಯುಮಿನಿಯಂ ಅಲ್ವಾ, ಪಟ್ಟನೆ ಮುರಿಯುತ್ತದೆ. ಆಮೇಲೆ ಡಿರೈಲರ್ ಚಕ್ರದ ಕಡ್ಡಿಗೆ ತಾಗದಂತೆ, ಅದು ಸರಿಯುವ ಮಿತಿ ಕಟ್ಟುವ ಲಿಮಿಟ್ ಸ್ಕ್ರೂ ಹೊಂದಿಸಿದೆ.

ಮೂರನೇ ದಿನ ಚೈನು ಒಮ್ಮೆಯೂ ಹಾರಲಿಲ್ಲ. ಸೋತದ್ದು ಕಾಲು ಮಾತ್ರ. ಬಾಗಿದ ಹ್ಯಾಂಗರನ್ನು ಮನೆಗೆ ಬಂದ ಮೇಲೆ ಬದಲಿಸಿದೆ, ಚೀಲದಲ್ಲಿ ಇನ್ನೊಂದು ಇಟ್ಟಿದ್ದೇನೆ.