ಹೆಪಟೈಟಿಸ್ ಸಿ ಈಗಷ್ಟೇ ಅಂಟಿದೆ ಅಂತ ಗೊತ್ತಾದರೆ ಏನು ಮಾಡಬೇಕು

ಕಲಬುರಗಿಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿ ನನಗೆ ಹತ್ತೊಂಬತ್ತು ವರ್ಷ ಆಯ್ತು. ಹೋದ ವರ್ಷ ಆಷಾಢದಲ್ಲಿ ನನ್ನ ತಮ್ಮನ ರಕ್ತವನ್ನು ನಾನೇ ಟೆಸ್ಟ್ ಮಾಡಿದೆ. ಅವನ ಎರಡೂ ಕಿಡ್ನಿ ಕೆಟ್ಟಿವೆ. ಆಳಂದದಿಂದ ವಾರಕ್ಕೆ ಮೂರು ಸಲ ಬಸ್ಸಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾನೆ. ಡಯಾಲಿಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಎಚ್‌ಸಿವಿ, ಅಂದರೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನ ಟೆಸ್ಟ್ ಮಾಡಬೇಕು. ಅಲ್ಲಿಯವರೆಗೂ ಅವನದು ನೆಗೆಟಿವ್ ಬರುತ್ತಿತ್ತು.

ಟೆಸ್ಟ್ ಕಾರ್ಡಿನ ಮೇಲೆ ಅವನ ರಕ್ತದ ಸೀರಮ್ ಹಾಕಿದೆ, ಬಫರ್ ಹನಿ ಬಿಟ್ಟೆ. ಮೊದಲು 'ಸಿ' ಅಕ್ಷರದ ಎದುರು ಗುಲಾಬಿ ಗೆರೆ ಬಂತು. ಅದು ಎಲ್ಲರಿಗೂ ಬರಬೇಕು, ಕಾರ್ಡ್ ಸರಿ ಇದೆ ಅಂತ ಹೇಳುವ ಗೆರೆ. ಹತ್ತು ನಿಮಿಷ ಕಳೆದ ಮೇಲೆ 'ಟಿ' ಎದುರು ಇನ್ನೊಂದು ಗೆರೆ ಮೂಡಿತು. ಕೂದಲೆಳೆಯಷ್ಟು ತೆಳು. ದೀಪದ ಕೆಳಗೆ ಹಿಡಿದು ನೋಡಿದೆ. ತೆಳುವಾಗಿದ್ದರೂ ಗೆರೆ ಗೆರೆಯೇ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನು ಬಾಗಿಲ ಹತ್ತಿರ ಬಂದು, "ಯಾಕಕ್ಕಾ, ಸುಮ್ನ ನಿಂತಿ?" ಅಂದ.

ಆಮೇಲೆ ನಾವು ಮಾಡಿದ್ದನ್ನು, ಮಾಡಬೇಕಾಗಿದ್ದೂ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ರಿಪೋರ್ಟ್ ಹುಡುಕಿ. ನೆಗೆಟಿವ್ ಬಂದ ರಿಪೋರ್ಟನ್ನು ಜನ ಹರಿದು ಬಿಸಾಡುತ್ತಾರೆ. ಹಾಗೆ ಮಾಡಬೇಡಿ. ಆರು ತಿಂಗಳ ಹಿಂದೆ ನೆಗೆಟಿವ್, ಈಗ ಪಾಸಿಟಿವ್ ಅಂದರೆ ಸೋಂಕು ಹೊಸದು. ಎಲ್ಲಿಂದ ಬಂತು ಅಂತ ಹುಡುಕುವುದಕ್ಕೂ ಅದೇ ಕಾಗದ ಬೇಕು. ಅದಿಲ್ಲದಿದ್ದರೆ ಇಪ್ಪತ್ತು ವರ್ಷದ ಹಿಂದಿನದೋ ಮೊನ್ನೆಯದೋ ಹೇಳುವುದು ಕಷ್ಟ.

ಎರಡನೆಯದು, ಕಾರ್ಡಿಗೇ ನಿಲ್ಲಬೇಡಿ. ಕಾರ್ಡ್ ತೋರಿಸುವುದು ಆಂಟಿಬಾಡಿಯನ್ನು, ಅಂದರೆ ವೈರಸ್ ಬಂದದ್ದಕ್ಕೆ ಮೈ ಮಾಡಿಕೊಂಡ ಗುರುತನ್ನು. ವೈರಸ್ ಈಗಲೂ ರಕ್ತದಲ್ಲಿ ಇದೆಯಾ ಅನ್ನುವುದನ್ನು ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್ ಹೇಳುತ್ತದೆ. ವೈರಲ್ ಲೋಡ್ ಅಂತಲೂ ಅನ್ನುತ್ತಾರೆ. ಅಂಟಿದ ಒಂದೆರಡು ವಾರದಲ್ಲೇ ಆರ್‌ಎನ್‌ಎ ಸಿಗುತ್ತದೆ. ಆಂಟಿಬಾಡಿ ಮೂಡಲು ಎರಡು ಮೂರು ತಿಂಗಳು ಬೇಕು, ಡಯಾಲಿಸಿಸ್ ಇರುವವರಲ್ಲಿ ಇನ್ನೂ ತಡವಾಗಬಹುದು. ಹಾಗಾಗಿ ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಕಾರಣವಿಲ್ಲದೆ ಏರಿದರೆ, ಕಾರ್ಡ್ ನೆಗೆಟಿವ್ ಇದ್ದರೂ ಆರ್‌ಎನ್‌ಎ ಮಾಡಿಸಿ ಅಂತ ಡಾಕ್ಟರನ್ನು ಕೇಳಿ. ನನ್ನ ತಮ್ಮನ ಎಸ್‌ಜಿಪಿಟಿ ಎರಡು ತಿಂಗಳ ಮೊದಲೇ ಎರಡು ಪಟ್ಟಾಗಿತ್ತು. ಆ ರಿಪೋರ್ಟ್ ನನ್ನ ಕೈಯಲ್ಲೇ ಹಾದು ಹೋಗಿತ್ತು. ಯಾವುದೋ ಗುಳಿಗೆಯಿಂದ ಇರಬೇಕು ಅಂತ ಬಿಟ್ಟೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕಾಮಣಿ ಆಗಲಿ, ಕಣ್ಣು ಹಳದಿ ಆಗಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಹೊಸದಾಗಿ ಅಂಟಿದ ಹತ್ತು ಜನರಲ್ಲಿ ಎಂಟು ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ನನ್ನ ತಮ್ಮನಿಗೆ ಸ್ವಲ್ಪ ಸುಸ್ತು, ಊಟ ಸೇರುತ್ತಿರಲಿಲ್ಲ, ಅಷ್ಟೇ. ವಿಷಯ ತಿಳಿದ ಮೇಲೆ ಅವ್ವ, "ಕಾಮಣಿ ಔಷಧ ಹಾಕಿಸೋಣು, ಇಲ್ಲಾಂದ್ರ ಬರೆ ಕೊಡಿಸೋಣು" ಅಂದಳು. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀರಿನಿಂದ, ಊಟದಿಂದ ಬರುವ ಎ ಮತ್ತು ಇ ಕಾಮಣಿ ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಹೆಸರು ಮಾತ್ರ ಔಷಧಕ್ಕೆ ಬರುತ್ತದೆ. ಸಿ ಹಾಗಲ್ಲ. ಹತ್ತರಲ್ಲಿ ಸುಮಾರು ಮೂರು ಜನರಿಗೆ ಆರು ತಿಂಗಳೊಳಗೆ ತಾನೇ ಹೋಗುತ್ತದೆ. ಉಳಿದವರ ಲಿವರ್‌ನಲ್ಲಿ ಕೂತುಬಿಡುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ತಿನ್ನುತ್ತದೆ. ಬರೆ ಹಾಕಿದರೆ ಚರ್ಮ ಸುಡುತ್ತದೆ, ವೈರಸ್ಸಿಗೆ ಏನೂ ಆಗುವುದಿಲ್ಲ.

ಗುಳಿಗೆ ಮಾತ್ರ ನಿಜಕ್ಕೂ ಒಳ್ಳೆಯದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಆರು ತಿಂಗಳಿಂದ ಒಂದು ವರ್ಷ, ಜ್ವರ, ಮೈಕೈ ನೋವು. ಅಷ್ಟಾದರೂ ಎಲ್ಲರಿಗೂ ವಾಸಿ ಆಗುತ್ತಿರಲಿಲ್ಲ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಅನ್ನುವ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಆಗ ಅಲ್ಲಿ ಒಂದು ಗುಳಿಗೆಗೆ 1,000 ಡಾಲರ್. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಸುವ ಲೈಸೆನ್ಸ್ ಸಿಕ್ಕಿದ್ದರಿಂದ ನಮ್ಮಲ್ಲಿ ಬೆಲೆ ಇಳಿಯಿತು. ಈಗ ಸೊಫೊಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಾಟಾಸ್ವಿರ್, ದಿನಕ್ಕೊಂದು ಸಲ, ಹೆಚ್ಚಿನವರಿಗೆ 12 ವಾರ. ನೂರರಲ್ಲಿ 95ಕ್ಕಿಂತ ಜಾಸ್ತಿ ಜನರಿಗೆ ಪೂರ್ತಿ ವಾಸಿ ಆಗುತ್ತದೆ. ಡಯಾಲಿಸಿಸ್ ಇರುವವರಿಗೂ ಕೊಡಬಹುದು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟೂ ಗುಳಿಗೆಯೂ ಉಚಿತ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ, ಅಂದರೆ ಕಲಬುರಗಿಯವರು ಜಿಮ್ಸ್‌ನಲ್ಲಿ, ಬೀದರಿನವರು ಬ್ರಿಮ್ಸ್‌ನಲ್ಲಿ, ಯಾದಗಿರಿಯವರು ಅಲ್ಲಿನದರಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಆಧಾರ್, ಹಳೆಯ ರಿಪೋರ್ಟ್ ಎಲ್ಲಾ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಮೊದಲೆಲ್ಲಾ ತಾನೇ ಹೋಗುತ್ತದಾ ನೋಡೋಣ ಅಂತ ಆರು ತಿಂಗಳು ಕಾಯಿಸುತ್ತಿದ್ದರು. ಈಗ ಹೊಸ ಸೋಂಕಿಗೂ ಕಾಯದೆ ಗುಳಿಗೆ ಶುರು ಮಾಡಬಹುದು ಅನ್ನುವುದು ಅಮೆರಿಕ, ಯುರೋಪಿನ ಲಿವರ್ ತಜ್ಞರ ಸಲಹೆ. ನಿಮ್ಮ ಡಾಕ್ಟರ್ ಹತ್ತಿರ ಈ ಮಾತು ಎತ್ತಿ.

ಗುಳಿಗೆ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು. ಬಿ ಒಳಗೆ ಅಡಗಿದ್ದರೆ, ಸಿ ಹೋಗುವಾಗ ಅದು ಕೆರಳಬಹುದು. ನೀವು ನುಂಗುವ ಪ್ರತಿಯೊಂದು ಗುಳಿಗೆಯನ್ನೂ ಡಾಕ್ಟರಿಗೆ ತೋರಿಸಿ. ಹೆಸರು ನೆನಪಾಗದಿದ್ದರೆ ಗುಳಿಗೆಯ ಖಾಲಿ ಸ್ಟ್ರಿಪ್ಪನ್ನೇ ಒಯ್ಯಿರಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಹೃದಯದ ಅಮಿಯೋಡರಾನ್, ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್, ಇವೆಲ್ಲ ಈ ಗುಳಿಗೆಗಳ ಜೊತೆ ತಕರಾರು ಮಾಡುತ್ತವೆ. ಗ್ಯಾಸ್ಟ್ರಿಕ್ ಗುಳಿಗೆಯನ್ನು ನಮ್ಮ ಜನ ಔಷಧ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ಅದನ್ನೂ ಹೇಳಿ. ಬಸುರಿ ಇದ್ದರೆ ಅದನ್ನೂ.

ತಮ್ಮ ರಾತ್ರಿ ರೊಟ್ಟಿ ತಿಂದ ಕೂಡಲೇ ಗುಳಿಗೆ ನುಂಗುತ್ತಿದ್ದ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗೀಟು ಹಾಕುವ ಕೆಲಸ ಅವನ ಮಗಳದು. ಎಂಬತ್ತನಾಲ್ಕು ಗೀಟು, ಒಂದೂ ತಪ್ಪಲಿಲ್ಲ.

ಆದರೆ ಆ ರೊಟ್ಟಿಯನ್ನು ಅವನು ಮೊದಲ ಎರಡು ವಾರ ಒಬ್ಬನೇ ಹೊರಗೆ ಕಟ್ಟೆ ಮೇಲೆ ಕೂತು ತಿಂದ. ಮನೆಯವರು ತಾಟು, ಚರಿಗೆ ಬೇರೆ ಮಾಡಿದ್ದರು. ನಾನು ಆಳಂದಕ್ಕೆ ಹೋಗಿ ಅವನ ಪಕ್ಕ ಕೂತು, ಅವನ ತಾಟಿನಿಂದಲೇ ಪುಂಡಿಪಲ್ಯ ತೆಗೆದುಕೊಂಡು ತಿಂದೆ. ಆಮೇಲೆ ಅವನನ್ನು ಒಳಗೆ ಕರೆದರು. ತಾಟಿನಿಂದ, ಎಂಜಲಿನಿಂದ, ಕೆಮ್ಮಿನಿಂದ, ಮಗುವನ್ನು ಅಪ್ಪಿಕೊಂಡರೆ ಇದು ಅಂಟುವುದಿಲ್ಲ. ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಬೇರೆ ಇಡಬೇಕಾದದ್ದು ಬ್ಲೇಡು, ಹಲ್ಲುಜ್ಜುವ ಬ್ರಶ್, ಉಗುರು ಕತ್ತರಿ.

ಗುಳಿಗೆ ಮುಗಿದ ದಿನವೇ ವಾಸಿ ಆಯ್ತು ಅನ್ನಬೇಡಿ. ಕೊನೆಯ ಗುಳಿಗೆಯಿಂದ 12 ವಾರ ಎಣಿಸಿ, ಆಮೇಲೆ ಇನ್ನೊಮ್ಮೆ ಆರ್‌ಎನ್‌ಎ ಟೆಸ್ಟ್ ಮಾಡಿಸಿ. 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತ ಬಂದರೆ ವಾಸಿ. ಬಹಳ ಜನ ಈ ಟೆಸ್ಟಿಗೆ ಬರುವುದೇ ಇಲ್ಲ, ಅದು ತಪ್ಪು. ಆ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಇಡಿ. ಯಾಕಂದರೆ ವಾಸಿಯಾದರೂ ಕಾರ್ಡ್ ಟೆಸ್ಟ್ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಬರುತ್ತದೆ. ನಾಳೆ ಯಾವುದೋ ಆಪರೇಷನ್‌ಗೆ ಹೋದಾಗ ಆ ಗೆರೆ ನೋಡಿ ಗಾಬರಿಯಾಗುತ್ತಾರೆ. ಆಗ ಈ ಕಾಗದ ತೋರಿಸಿ.

ಇಷ್ಟು ಒಳ್ಳೆಯ ಗುಳಿಗೆ ಬಂದ ಮೇಲೆ ಹೊಸ ಸೋಂಕು ಎಲ್ಲಾ ಕಡೆ ಕಡಿಮೆ ಆಗಿರಬೇಕು ಅಂತ ನಾನು ಅಂದುಕೊಂಡಿದ್ದೆ. ಹಾಗಾಗಿಲ್ಲ. ಅಮೆರಿಕದಲ್ಲಿ 2013ರಲ್ಲಿ ವರದಿಯಾದ ಹೊಸ ಸೋಂಕು 2,138. 2021ರಲ್ಲಿ 5,023. ವರದಿಯಾಗದೆ ಉಳಿದದ್ದು ಇದರ ಎಷ್ಟೋ ಪಟ್ಟು. ಮಾದಕ ವಸ್ತು ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡದ್ದು ದೊಡ್ಡ ಕಾರಣ. ಅದೇ ನೆದರ್‌ಲ್ಯಾಂಡ್ಸ್‌ನಲ್ಲಿ 2015ರಿಂದ ಎಲ್ಲಾ ರೋಗಿಗಳಿಗೂ ಗುಳಿಗೆ ಕೊಟ್ಟರು. ಎಚ್‌ಐವಿ ಇದ್ದ, ಗಂಡಸರ ಜೊತೆ ಸಂಬಂಧ ಇಟ್ಟುಕೊಂಡ ಗಂಡಸರಲ್ಲಿ ಹೊಸ ಸೋಂಕು ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಇಡೀ ಜಗತ್ತಿನಲ್ಲಿ ಇವತ್ತಿಗೂ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಹೊಸದಾಗಿ ಅಂಟುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಲಸಿಕೆ ಇಲ್ಲ. ಸೋಂಕು ಇದ್ದವರಿಗೆ ಬೇಗ ಗುಳಿಗೆ ಸಿಗಬೇಕು, ಸೂಜಿಯ ದಾರಿಯೂ ಮುಚ್ಚಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಆಗುವುದಿಲ್ಲ.

ನಮ್ಮ ಕಡೆ ಆ ದಾರಿ ಯಾವುದು? ಸಣ್ಣ ಜ್ವರಕ್ಕೂ 'ಒಂದು ಸೂಜಿ ಮಾಡ್ರಿ' ಅಂತ ನಾವೇ ಕೇಳುತ್ತೇವೆ. ಗುಳಿಗೆಯಲ್ಲಿ ಹೋಗುವುದಕ್ಕೆ ಸಲಾಯಿನ್ ಹಚ್ಚಿಸಿಕೊಳ್ಳುತ್ತೇವೆ. ಇಂಜೆಕ್ಷನ್ ಬೇಕೇ ಬೇಕು ಅಂದರೆ, ಸಿರಿಂಜಿನ ಕವರ್ ನಿಮ್ಮ ಕಣ್ಣೆದುರೇ ಹರಿಯಬೇಕು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಹುಡುಗರಿಗೆ ಹೇಳಿ, ಸೂಜಿಯಷ್ಟೇ ಅಲ್ಲ, ಬಣ್ಣದ ಬಟ್ಟಲೂ ಹೊಸದಿರಬೇಕು. ಕಟಿಂಗ್ ಅಂಗಡಿಯಲ್ಲಿ ಹೊಸ ಬ್ಲೇಡು ಕೇಳಿ.

ಡಯಾಲಿಸಿಸ್‌ಗೆ ಜೊತೆಗೆ ಹೋಗುವವರು ಸುಮ್ನೆ ಮೊಬೈಲ್ ನೋಡುತ್ತಾ ಕೂರಬೇಡಿ. ನಾನು ಒಂದು ಮಧ್ಯಾಹ್ನ ಕೂತು ನೋಡಿದೆ. ಒಬ್ಬ ಹುಡುಗ ಒಬ್ಬರ ಸೂಜಿ ತೆಗೆದು, ಅದೇ ಗ್ಲೌಸ್‌ನಲ್ಲಿ ಪಕ್ಕದವರ ಮಷಿನ್ ಬಟನ್ ಒತ್ತಿದ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿ ಟ್ರಾಲಿ ಮೇಲೆ ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತಿತ್ತು. ಒಣಗಿದ ರಕ್ತದಲ್ಲೂ ಈ ವೈರಸ್ ವಾರಗಟ್ಟಲೆ ಬದುಕಬಲ್ಲದು. ಪ್ರತಿ ರೋಗಿಗೆ ಗ್ಲೌಸ್ ಬದಲಾಗಬೇಕು, ಕೈ ತೊಳೆಯಬೇಕು. ಇಂಜೆಕ್ಷನ್ ದೂರದ ಶುಚಿಯಾದ ಮೇಜಿನ ಮೇಲೆ ತುಂಬಿಸಿ ತರಬೇಕು. ಒಬ್ಬರು ಎದ್ದ ಮೇಲೆ ಕುರ್ಚಿ, ಮಷಿನ್ ಒರೆಸಬೇಕು. ನಾನು ಹೇಳಿದಾಗ ಮೊದಲು 'ಎಲ್ಲಾ ಸರಿ ಇದೆ ಮೇಡಂ' ಅಂದರು. ಬರೆದು ಕೊಟ್ಟೆ. ಅದೇ ಪಾಳಿಯ ಎಲ್ಲರಿಗೂ ಆರ್‌ಎನ್‌ಎ ಮಾಡಿಸಿ ಅಂತ ಕೇಳಿದೆ. ಇನ್ನೂ ಇಬ್ಬರ ರಕ್ತದಲ್ಲಿ ವೈರಸ್ ಸಿಕ್ಕಿತು. ಅವರಿಗೂ ಗುಳಿಗೆ ಶುರುವಾಯ್ತು. ಟ್ರಾಲಿ ಈಗ ಗೋಡೆ ಪಕ್ಕ ನಿಂತಿದೆ.

ಒಮ್ಮೆ ವಾಸಿಯಾದರೆ ಮತ್ತೆ ಬರುವುದಿಲ್ಲ ಅಂತಿಲ್ಲ. ಮತ್ತೆ ಅಂಟಬಹುದು. ತಮ್ಮನ ಡಯಾಲಿಸಿಸ್ ನಡೆದೇ ಇದೆ. ಕಾರ್ಡ್ ಟೆಸ್ಟ್ ಅವನಿಗೆ ಇನ್ನು ಉಪಯೋಗವಿಲ್ಲ, ಅದಕ್ಕೇ ಆರು ತಿಂಗಳಿಗೊಮ್ಮೆ ಆರ್‌ಎನ್‌ಎ ಮಾಡಿಸುತ್ತೇವೆ. ಮುಂದಿನ ತಾರೀಖನ್ನು ಅವನ ಮಗಳು ಅದೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ.